ಸೈಕಲ್ಲಿನಿಂದ ರೆಂಟೆಯವರೆಗೆ

ಒಬ್ಬ ಮನುಷ್ಯನ ಕೈಯಲ್ಲಿ ಯಾವ ಯಾವ ಯಂತ್ರಗಳು ಬಂದು ಹೋದವೆಂಬುದನ್ನು ನೋಡುತ್ತ ಹೋದರೆ ಅವನ ಬಾಳಿನ ಕಥೆಯೇ ತಿಳಿಯುವುದುಂಟು. ಲಕ್ಷ್ಮಣರಾವ ಕಿರ್ಲೋಸ್ಕರರ ವಿಷಯದಲ್ಲಂತೂ ಈ ಮಾತು ನಿಜ. ಪುರ್ತಗೇರಿಯಂಥ ಹಳ್ಳಿಗಳಿಂದ ಬಂದ ನಾವು ಈ ಹೆಸರನ್ನು ನೀರೆತ್ತುವ ಪಂಪಿನ ಮೇಲೆ ಓದಿ ಬಲ್ಲೆವು. ಅದು ಪುಣೆಯ ಕಡೆಯ ಹೆಸರೆಂದು ತಿಳಿದವರೇ ಹೆಚ್ಚು. ಆದರೆ ಲಕ್ಷ್ಮಣರಾಯರು ೧೮೬೯ನೆಯ ಜೂನ್ ೨೦ರಂದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ನರಗುಂದವನ್ನು ದಾಟಿ ಸವದತ್ತಿಯ ಕಡೆಗೆ ನಡೆದರೆ ಆ ಊರು ಬಹಳ ದೂರವಲ್ಲ. ಮರಾಠಿ ಸಂಗೀತನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರೆಂಬುದು ಸ್ವಾರಸ್ಯದ ಸಂಗತಿ.

ಲಕ್ಷ್ಮಣರಾಯರು ಮೊದಲು ಹಿಡಿದ ಸಾಧನವೆಂದರೆ ಚಿತ್ರದ ಕುಂಚ. ೧೮೮೫ರಲ್ಲಿ ಅವರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲಕಾಲದಲ್ಲಿಯೇ, ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯದೆಂಬುದು ಗೊತ್ತಾಯಿತು. ಚಿತ್ರಗಾರನಾಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಯಾವುದಿದ್ದೀತು? ಅವರು ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಉಪಾಧ್ಯಾಯರಾದರು.

ಆ ದಿನಗಳಲ್ಲಿ ಅವರ ಕೈಗೆ ಬಂದುದು ಸೈಕಲ್ಲು. ತಾವು ಮುಂಬಯಿಯಲ್ಲಿದ್ದು ಸೈಕಲ್ಲುಗಳನ್ನು ಬೆಳಗಾವಿಗೆ ಕಳಿಸುವುದು. ಅಣ್ಣ ರಾಮುಅಣ್ಣನವರು ಅಲ್ಲಿ ಮಾರುವುದು, ಕೊಂಡವರಿಗೆ ಹತ್ತಿ ನಡೆಸುವುದನ್ನು ಕಲಿಸುವುದು. ಸೈಕಲ್ಲನ್ನು ಕಂಡರೆ ಊರೇ ನೆರೆಯುವ ಕಾಲವದು. ೧೮೮೮ರ ಈ ಚಿಕ್ಕ ಅಂಗಡಿಯಿಂದಲೇ ಕಿರ್ಲೋಸ್ಕರ ಉದ್ಯಮದ ವಯಸ್ಸನ್ನು ಎಣಿಸುವುದು ವಾಡಿಕೆ. ಮುಂದೆ, ಸಿಗಬೇಕಾಗಿದ್ದ ಬಡತಿ ಬೇರೊಬ್ಬರಿಗೆ ಹೋದಾಗ ಲಕ್ಷ್ಮಣರಾಯರು ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಬಂದರು. ಬಿಚ್ಚಿದ ಯಂತ್ರವನ್ನು ಮತ್ತೆ ಜೋಡಿಸಬಲ್ಲವನು ಹೊಸದನ್ನೂ ಮಾಡಬಲ್ಲನಲ್ಲವೆ? ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ರೆಂಟೆಯನ್ನೂ ಮಾಡಿದರು.

ಈ ರೆಂಟೆಯ ಕಥೆಯಲ್ಲಿ ತುಸು ನಿಲ್ಲಬೇಕು. ಮೊದಲನೆಯ ರೆಂಟೆ ಮಾರಾಟವಾಗಲು ಎರಡು ವರುಷ ಹಿಡಿಯಿತು! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದರು. ಇದನ್ನು ಹೇಳುವವರೆಲ್ಲ ರೈತನ ಮೌಢ್ಯವನ್ನು ಹೇಳಿ ನಕ್ಕು ಮುಂದೆ ಹೋಗುತ್ತಾರೆ. ನನಗೆ ಅಷ್ಟು ಸುಲಭವಾಗಿ ನಗಲಾಗದು. ಮರದ ರೆಂಟೆ ಮುರಿದರೆ ಊರ ಬಡಿಗನಿದ್ದಾನೆ. ಸುಗ್ಗಿಯಲ್ಲಿ ಅವನಿಗೆ ಆಯ ಕೊಟ್ಟರಾಯಿತು. ಕಬ್ಬಿಣದ್ದು ಮುರಿದರೆ ಯಾರನ್ನು ಕೇಳುವುದು? ಎರೆಯ ನೆಲದಲ್ಲಿ ದೊಡ್ಡ ರೆಂಟೆಯನ್ನು ಆಳವಾಗಿ ಎಳೆಯಲು ಮೂರು ನಾಲ್ಕು ಜೋಡಿ ಎತ್ತು ಬೇಕು. ಒಂದೇ ಜೋಡಿಯವನು ಏನು ಮಾಡಬೇಕು? ಆದರೂ ರೆಂಟೆಯ ಗುಣ ದೊಡ್ಡದು. ಮರದ್ದು ಮಣ್ಣನ್ನು ಗೀರಿ ಹೋಗುತ್ತದೆ. ಇದು ಸೀಳಿ ಮಗುಚಿ ಹಾಕುತ್ತದೆ. ಕರಿಕೆಯ ಬೇರು ಮೇಲೆದ್ದು ಬೇಸಿಗೆಯ ಬಿಸಿಲಿಗೆ ಒಣಗುತ್ತದೆ. ಕರಿಕೆ ಹಬ್ಬಿದ ಎರೆಹೊಲವನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮಾತಿಗೆ ಒಪ್ಪದ ರೈತರು ಹೊಲವನ್ನು ನೋಡಿ ಒಪ್ಪಿದರು.

ರೆಂಟೆಗೆ ಗಿರಾಕಿಗಳು ಸಿಕ್ಕರು, ಕಾರಖಾನೆಗೆ ನೆಲ ತಪ್ಪಿತು. ಬೆಳಗಾವಿಯ ನಗರಸಭೆಯ ನಿರ್ಬಂಧಗಳಿಂದಾಗಿ ಅಲ್ಲಿಂದ ಏಳಬೇಕಾಯಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ರಾಜರು. ಅವರು ಸ್ವತಃ ಚಿತ್ರಕಾರರು. ಬಣ್ಣ ಕಾಣದೆ ಕುಂಚವಿಟ್ಟವರಿಗೆ ಕುಂಚ ಹಿಡಿದ ರಾಜರೇ ಆಸರೆಯಾದರು! ಹತ್ತು ಸಾವಿರ ರೂಪಾಯಿಯ ಸಾಲ, ಕುಂಡಲ ರೋಡ ರೈಲುನಿಲ್ದಾಣದ ಬಳಿ ೩೨ ಎಕರೆ ಬರಡು ನೆಲ. ಪಾಪಾಸುಕಳ್ಳಿಯೂ ಹಾವುಗಳೂ ತುಂಬಿದ್ದ ಆ ಬಯಲಿನಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರಿಗೆ ರಾಮುಅಣ್ಣನವರು ಕಾವಲಿನ ಕೆಲಸ ಕೊಟ್ಟರು.

ಮುಂದಿನದು ಬೆಳವಣಿಗೆಯ ಕಥೆ: ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪು. ೧೯೪೧ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿ ಹುಟ್ಟಿ ಲೇತುಗಳನ್ನು, ಎಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ತಯಾರಿಸಿತು. ಆ ಕಾರಖಾನೆ ಈಗ ಇಲ್ಲ.

೧೯೪೮ರಲ್ಲಿ ಗಾಂಧೀಜಿಯವರ ಹತ್ಯೆಯ ಬೆನ್ನಿಗೆ ಎದ್ದ ದಂಗೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿತ್ತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ದಾಟಿತ್ತು. ಸುಟ್ಟ ಕಾರಖಾನೆ ಮತ್ತೆ ನಡೆಯುವುದನ್ನು ಅವರು ಕಂಡರು. ೧೯೫೬ನೆಯ ಸೆಪ್ಟೆಂಬರ್ ೨೬ರಂದು ಅವರು ತೀರಿಕೊಂಡರು. ಐದು ವಾರಗಳ ತರುವಾಯ ರಾಜ್ಯಗಳ ಗಡಿಗಳು ಬದಲಾದವು. ಹುಟ್ಟಿದ ಗುರ್ಲಹೊಸೂರು ಮೈಸೂರು ರಾಜ್ಯಕ್ಕೆ ಸೇರಿತು, ಕಟ್ಟಿದ ವಾಡಿ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು.