ಕಡಲೊಳಗಿನ ಕಪ್ತಾನ ಕುಸ್ತೋ

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುವ ಪ್ರವಾಸಿಗಳ ಬೆನ್ನಿಗೆ ಒಂದು ಸಿಲಿಂಡರ್ ಕಟ್ಟಿ, ಬಾಯಿಗೆ ಒಂದು ರಬ್ಬರಿನ ತುಂಡು ಕೊಟ್ಟು ಕೆಳಗೆ ಬಿಡುತ್ತಾರೆ. ಹೋಗಿ ಬಂದವರು ಮೀನು ಕಂಡೆವು, ಹವಳ ಕಂಡೆವು ಅಂತ ವಾರಗಟ್ಟಲೆ ಹೇಳುತ್ತಾರೆ. ಬಾಯಲ್ಲಿದ್ದ ಆ ತುಂಡಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಕಡಲೊಳಗೆ ಹಗ್ಗವಿಲ್ಲದೆ, ಮೇಲಿನಿಂದ ಕೊಳವೆಯಿಲ್ಲದೆ ಮನುಷ್ಯ ಮೀನಿನಂತೆ ತಿರುಗಾಡುವುದು ಸಾಧ್ಯವಾದದ್ದು ಅದರಿಂದ. ಆ ಯಂತ್ರದ ಜೊತೆಗೆ ಲೋಕಕ್ಕೆಲ್ಲ ಗೊತ್ತಿರುವ ಹೆಸರು ಜಾಕ್ ಈವ್ ಕುಸ್ತೋ. ಆ ಹೆಸರಿನ ಖಾತೆಗೆ ಜಮೆಯಾದದ್ದೆಲ್ಲ ಅವನೊಬ್ಬನದೇ ಏನು ಎಂಬುದನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡಬೇಕು.

ಕುಸ್ತೋ ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಸೇಂಟ್ ಆಂದ್ರೆ ಎಂಬ ಊರಲ್ಲಿ. ತಂದೆ ಶ್ರೀಮಂತ ಅಮೆರಿಕನ್ನರ ಬಳಿ ಕೆಲಸಕ್ಕಿದ್ದವನು, ಹಾಗಾಗಿ ಹುಡುಗ ಒಂದೆರಡು ವರ್ಷ ನ್ಯೂಯಾರ್ಕಿನಲ್ಲೂ ಬೆಳೆದ. ಆ ದಿನಗಳಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಕೆರೆಯ ತಳದ ಕೊಂಬೆ ರೆಂಬೆಗಳನ್ನು ಎತ್ತುವ ಕೆಲಸ ಇವನ ಪಾಲಿಗೆ ಬಂತು. ಉಸಿರು ಹಿಡಿದು ಮುಳುಗುವುದು ಕಲಿತದ್ದು ಅಲ್ಲೇ. ಹದಿಮೂರರ ವಯಸ್ಸಿಗೆ ಒಂದು ಸಿನಿಮಾ ಕ್ಯಾಮೆರಾ ಸಂಪಾದಿಸಿದ. ಈ ಎರಡು ಹುಚ್ಚು, ನೀರು ಮತ್ತು ಕ್ಯಾಮೆರಾ, ಸಾಯುವ ತನಕ ಬಿಡಲಿಲ್ಲ.

1930ರಲ್ಲಿ ಬ್ರೆಸ್ಟ್ ಊರಿನ ನೌಕಾ ಶಾಲೆ ಸೇರಿದ. ಅವನ ಆಸೆ ನೀರಿನದ್ದಲ್ಲ, ಆಕಾಶದ್ದು. ನೌಕಾಪಡೆಯ ವಿಮಾನ ಓಡಿಸಬೇಕೆಂದಿದ್ದ. 1936ರಲ್ಲಿ ಕಾರು ಅಪಘಾತವಾಗಿ ಎರಡೂ ತೋಳು ಮುರಿದವು, ವಿಮಾನದ ಕನಸು ಅಲ್ಲಿಗೆ ಮುಗಿಯಿತು. ಟೂಲಾನ್ ಬಂದರಿಗೆ ವರ್ಗವಾದ ಮೇಲೆ ತೋಳಿಗೆ ಬಲ ಬರಲೆಂದು ದಿನಾ ಈಜತೊಡಗಿದ. ಅಲ್ಲಿ ಫಿಲಿಪ್ ತಾಯೆ ಎಂಬ ನೌಕಾಧಿಕಾರಿ ಒಂದು ಜೊತೆ ನೀರ್ಗನ್ನಡಕ ಕೊಟ್ಟ. ಕುಸ್ತೋ ಅದನ್ನು ಹಾಕಿ ತಲೆ ಮುಳುಗಿಸಿದ, ಅಷ್ಟೇ. ಕಲ್ಲು, ಪಾಚಿ, ಮೀನು ಎಲ್ಲ ಕಣ್ಣೆದುರು ಸ್ಪಷ್ಟ. ತಲೆ ಮೇಲೆತ್ತಿದರೆ ಟ್ರಾಮು, ದೀಪದ ಕಂಬ, ಜನ. ಎರಡು ಲೋಕದ ನಡುವೆ ಇಷ್ಟೇ ಅಂತರ. ಮರುವರ್ಷ ಸಿಮೋನ್ ಮೆಲ್ಶಿಯೋರ್ ಜೊತೆ ಮದುವೆ. ಮಾವನಿಗೆ ಏರ್ ಲಿಕ್ವಿಡ್ ಎಂಬ ಗ್ಯಾಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಈ ಸಂಬಂಧ ಮುಂದೆ ಉಪಯೋಗಕ್ಕೆ ಬಂತು.

ಉಸಿರು ಕಟ್ಟಿ ಎಷ್ಟು ಹೊತ್ತು ಮುಳುಗಿರಲು ಸಾಧ್ಯ? ತಾಯೆ, ಕುಸ್ತೋ, ಜೊತೆಗೆ ಸೇರಿದ ಫ್ರೆಡರಿಕ್ ಡ್ಯೂಮಾ, ಮೂವರಿಗೂ ಇದೇ ಚಿಂತೆ. ಕುಸ್ತೋ ಶುದ್ಧ ಆಮ್ಲಜನಕದ ಉಪಕರಣ ಕಟ್ಟಿಕೊಂಡು ಇಳಿದು ನೋಡಿದ. ಹದಿನಾಲ್ಕು ಮೀಟರ್ ಸುಮಾರಿಗೆ ಮೈ ಸೆಟೆದು ಪ್ರಜ್ಞೆ ತಪ್ಪಿತು, ಹೇಗೋ ತೇಲಿ ಬದುಕಿದ. ಬುದ್ಧಿ ಬಂತೇ? ಇಲ್ಲ, ಇನ್ನೊಂದು ಸಲ ಇಳಿದ, ಮತ್ತೆ ಅದೇ ಆಯಿತು. ಒತ್ತಡದಲ್ಲಿ ಆಮ್ಲಜನಕವೇ ವಿಷ ಎಂದು ಮನದಟ್ಟಾದದ್ದು ಆಮೇಲೆ. ಹಾಗಾದರೆ ಬೇಕಾದ್ದು ಸಾಮಾನ್ಯ ಗಾಳಿ. ಈವ್ ಲ ಪ್ರಿಯರ್ ಎಂಬ ಇನ್ನೊಬ್ಬ ನೌಕಾಧಿಕಾರಿ ಗಾಳಿಯ ಸಿಲಿಂಡರ್ ಆಗಲೇ ಮಾಡಿದ್ದ, ಆದರೆ ಅದರ ನಲ್ಲಿಯನ್ನು ಕೈಯಿಂದ ತಿರುಗಿಸುತ್ತಿರಬೇಕು. ಗಾಳಿ ಸುಮ್ಮನೆ ಹರಿದು ಬೇಗ ಖಾಲಿಯಾಗುತ್ತಿತ್ತು.

ತೊಂದರೆ ಎಲ್ಲಿದೆ ನೋಡಿ. ನೀರಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ, ಇಪ್ಪತ್ತು ಮೀಟರಿಗೆ ಮೂರರಷ್ಟು. ಉದ್ದ ಕೊಳವೆಯಿಂದ ಮೇಲಿನ ಗಾಳಿ ಎಳೆಯೋಣವೆಂದರೆ ಎದೆ ಹಿಗ್ಗುವುದಿಲ್ಲ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ನೇರ ಬಾಯಿಗೆ ಬಿಟ್ಟರೆ ಪುಪ್ಪುಸ ಒಡೆದೀತು. ಇದ್ದ ಆಳದಲ್ಲಿ ನೀರಿನ ಒತ್ತಡ ಎಷ್ಟೋ ಗಾಳಿಯ ಒತ್ತಡವೂ ಅಷ್ಟೇ ಇರಬೇಕು, ಎಳೆದಾಗ ಬರಬೇಕು, ಎಳೆಯದಿದ್ದಾಗ ನಿಲ್ಲಬೇಕು.

1942ರ ಡಿಸೆಂಬರಿನಲ್ಲಿ, ಫ್ರಾನ್ಸ್ ಜರ್ಮನರ ಕೈಯಲ್ಲಿದ್ದಾಗ, ಮಾವನ ಕಂಪನಿಯ ಮೂಲಕ ಕುಸ್ತೋ ಪ್ಯಾರಿಸಿನಲ್ಲಿ ಎಮಿಲ್ ಗಾನ್ಯಾ ಎಂಬ ಎಂಜಿನಿಯರನನ್ನು ಕಂಡ. ಯುದ್ಧದಿಂದ ಪೆಟ್ರೋಲ್ ಇಲ್ಲ, ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದ ಕಾಲ. ಎಂಜಿನ್ ಎಳೆದಷ್ಟೇ ಗ್ಯಾಸ್ ಕೊಡುವ ಒಂದು ಪುಟ್ಟ ವಾಲ್ವನ್ನು ಗಾನ್ಯಾ ತಯಾರಿಸಿದ್ದ. ಎಂಜಿನ್ ಎಳೆಯುವುದು, ಮನುಷ್ಯ ಉಸಿರೆಳೆಯುವುದು, ಲೆಕ್ಕ ಒಂದೇ ತಾನೆ? ಅದನ್ನೇ ಕೆಲವು ವಾರಗಳಲ್ಲಿ ತಿದ್ದಿ ತೀಡಿದರು. ಒಳಗೆ ಒಂದು ರಬ್ಬರಿನ ಪೊರೆ. ಅದರ ಹೊರಬದಿಗೆ ನೀರು, ಒಳಬದಿಗೆ ಉಸಿರಿನ ಗಾಳಿ. ಮುಳುಗುಗಾರ ಉಸಿರೆಳೆದರೆ ಪೊರೆ ಒಳಕ್ಕೆ ಬಾಗಿ ಸನ್ನೆ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ಎರಡೂ ಬದಿಯ ಒತ್ತಡ ಸಮವಾದೊಡನೆ ಮುಚ್ಚುತ್ತದೆ. ತಕ್ಕಡಿ ಇದ್ದ ಹಾಗೆ.

1943ರ ಚಳಿಯಲ್ಲಿ ಮಾರ್ನ್ ನದಿಗೆ ಹೋಗಿ ಪರೀಕ್ಷೆ ಮಾಡಿದರು. ಕುಸ್ತೋ ಅಡ್ಡ ಮಲಗಿ ಈಜಿದರೆ ಚೆನ್ನಾಗಿ ನಡೆಯಿತು. ನೆಟ್ಟಗೆ ನಿಂತರೆ ಗಾಳಿ ಬುಸುಬುಸು ಎಂದು ವ್ಯರ್ಥ ಹೋಗುತ್ತದೆ, ತಲೆಕೆಳಗಾದರೆ ಉಸಿರೇ ಬರುವುದಿಲ್ಲ! ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು ಹೊರಟರು. ಕಾರಣ ಆಮೇಲೆ ಹೊಳೆಯಿತು. ಬಿಟ್ಟ ಉಸಿರು ಹೊರಹೋಗುವ ಬಾಯಿ ಪೊರೆಗಿಂತ ಒಂದು ಗೇಣಿನಷ್ಟು ಮೇಲಿತ್ತು. ಆ ಗೇಣಿನಷ್ಟು ನೀರಿನ ಒತ್ತಡದ ವ್ಯತ್ಯಾಸವೇ ತಕ್ಕಡಿಯನ್ನು ಕೆಡಿಸಿತ್ತು. ಹೊರಹೋಗುವ ಬಾಯನ್ನು ಪೊರೆಯ ಪಕ್ಕಕ್ಕೇ ತಂದರು, ಸಮಸ್ಯೆ ಹೋಯಿತು. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಜಾಗ ಇದು. ಪೇಟೆಂಟ್ ಇಬ್ಬರ ಹೆಸರಿನಲ್ಲೂ ಆಯಿತು.

ಜೂನ್ ತಿಂಗಳಲ್ಲಿ ಪೆಟ್ಟಿಗೆ ಮೆಡಿಟರೇನಿಯನ್ ಕರಾವಳಿಯ ಬಂಡೋಲ್ ರೈಲು ನಿಲ್ದಾಣಕ್ಕೆ ಬಂತು. ಜನರ ಕಣ್ಣಿಗೆ ಬೀಳದ ಒಂದು ಪುಟ್ಟ ಕೊಲ್ಲಿಯಲ್ಲಿ ಕುಸ್ತೋ ಇಳಿದ. ಮೇಲೆ ಸಿಮೋನ್ ಮುಖ ಮುಳುಗಿಸಿ ತೇಲುತ್ತಾ ಗಂಡನ ಮೇಲೆ ಕಣ್ಣಿಟ್ಟಿದ್ದಳು, ಡ್ಯೂಮಾ ದಡದಲ್ಲಿ ಸಿದ್ಧನಾಗಿ ಕೂತಿದ್ದ. ಕುಸ್ತೋ ಲಾಗ ಹಾಕಿದ, ಒಂದು ಬೆರಳ ಮೇಲೆ ತಲೆಕೆಳಗಾಗಿ ನಿಂತ, ಗವಿಯೊಂದರಿಂದ ಲಾಬ್‌ಸ್ಟರ್ ಹಿಡಿದು ಹೆಂಡತಿಗೆ ಕೊಟ್ಟ. ಯುದ್ಧಕಾಲದ ಹಸಿವಿನಲ್ಲಿ ಅದೇನು ಕಡಿಮೆಯೇ? ಮಾರ್ಸೇಲ್ ಹತ್ತಿರದ ಪ್ಲಾನಿಯೆ ದ್ವೀಪದ ಬುಡದಲ್ಲಿ ಮುಳುಗಿದ್ದ ಡಾಲ್ಟನ್ ಹಡಗಿನ ಒಳಗೂ ಹೊಕ್ಕು ತಿರುಗಾಡಿದರು. ಡ್ಯೂಮಾ ಅಕ್ಟೋಬರಿನಲ್ಲಿ 62 ಮೀಟರ್ ತನಕ ಇಳಿದು, ಕುಡಿದವನ ಹಾಗೆ ಅಮಲೇರಿ ಮೇಲೆ ಬಂದ. ಗಾಳಿಯಲ್ಲಿರುವ ನೈಟ್ರೋಜನ್ ಆಳಕ್ಕೆ ಹೋದಂತೆ ತಲೆಗೇರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಎಳೆದಷ್ಟೇ ಗಾಳಿ ಕೊಡುವ ಉಪಾಯ ಇವರಿಬ್ಬರದೇ ಅಲ್ಲ. 1860ರ ದಶಕದಲ್ಲೇ ರೂಕೈರೋಲ್, ದನೇರೂಜ್ ಎಂಬ ಇಬ್ಬರು ಫ್ರೆಂಚರು ಅಂಥದ್ದೊಂದನ್ನು ಮಾಡಿದ್ದರು. ಜೂಲ್ಸ್ ವರ್ನನ ಕಾದಂಬರಿಯಲ್ಲಿ ಕಪ್ತಾನ ನೇಮೋ ಬಳಿ ಇರುವುದು ಅದರ ಸುಧಾರಿತ ರೂಪ. ಸಾಕಷ್ಟು ಗಾಳಿ ಹಿಡಿಯುವ ಗಟ್ಟಿ ಸಿಲಿಂಡರ್ ಆಗ ಇರಲಿಲ್ಲ, ಅದು ಮೂಲೆ ಸೇರಿತು. ಕುಸ್ತೋವಿನ ಕಾಲದಲ್ಲೇ ಜಾರ್ಜ್ ಕೊಮೇನ್ ಎಂಬ ಇನ್ನೊಬ್ಬ ಬೇರೆಯಾಗಿ ಇಂಥದೇ ಉಪಕರಣ ಮಾಡಿ, 1943ರ ಬೇಸಿಗೆಯಲ್ಲಿ ಮಾರ್ಸೇಲ್ ಬಳಿ ಐವತ್ತು ಮೀಟರ್ ದಾಟಿ ಇಳಿದಿದ್ದ. ಮರುವರ್ಷ ಫ್ರಾನ್ಸಿನ ಬಿಡುಗಡೆಗಾಗಿ ಹೋರಾಡುತ್ತಾ ಸ್ಟ್ರಾಸ್‌ಬರ್ಗಿನ ಹತ್ತಿರ ಟ್ಯಾಂಕಿನೊಳಗೆ ಸತ್ತ. ಅವನ ಉಪಕರಣವೂ ಅವನ ಹಿಂದೆಯೇ ಹೋಯಿತು. ಗಾನ್ಯಾ ಯುದ್ಧ ಮುಗಿದ ಮೇಲೆ ಕೆನಡಾಕ್ಕೆ ಹೋಗಿ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾ 1984ರಲ್ಲಿ ತೀರಿಕೊಂಡ. ಅವನು ಯಾರೆಂದು ಇವತ್ತು ನೇತ್ರಾಣಿಯಲ್ಲಿ ಕೇಳಿ ನೋಡಿ. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಬಾಬತ್ತು ಇದೆಯಲ್ಲ, ಕಣ್ಣಿಗೆ ಕಾಣದ, ಆದರೆ ಬೆಲೆಯಿರುವ ಆಸ್ತಿ. ಈ ಪಾಲುದಾರಿಕೆಯಲ್ಲಿ ಅದೆಲ್ಲ ಕುಸ್ತೋವಿನ ಪಾಲಿಗೆ ಹೋಯಿತು. ಕದ್ದ ಎನ್ನಲಾರೆ. ಗಾನ್ಯಾ ವಾಲ್ವ್ ಕೊಟ್ಟ. ಇವನು ಆ ವಾಲ್ವನ್ನು ಬಾಯಲ್ಲಿಟ್ಟು ಮುಳುಗಿದ, ಕ್ಯಾಮೆರಾ ಹಿಡಿದ.

ಯುದ್ಧಕಾಲದ ಇನ್ನೊಂದು ಸಂಗತಿಯನ್ನೂ ಬಚ್ಚಿಡಬಾರದು. ಕುಸ್ತೋವಿನ ಅಣ್ಣ ಪಿಯರ್ ಆಂತ್ವಾನ್ ನಾಜಿಗಳ ಪರ ಬರೆಯುತ್ತಿದ್ದ, ಯೆಹೂದ್ಯ ದ್ವೇಷ ಕಾರುತ್ತಿದ್ದ ಪತ್ರಿಕೆಯ ಸಂಪಾದಕ. 1946ರಲ್ಲಿ ಅವನಿಗೆ ಮರಣದಂಡನೆ ಆಯಿತು, ಆಮೇಲೆ ಅದನ್ನು ಜೀವಾವಧಿಗೆ ಇಳಿಸಿದರು. ನೌಕಾಪಡೆಯ ಸಮವಸ್ತ್ರ ಹಾಕಿಕೊಂಡೇ ತಮ್ಮ ಹೋಗಿ ಅಣ್ಣನ ಪರ ಸಾಕ್ಷಿ ಹೇಳಿದ.

ಅದೇ 1946ರ ಆಗಸ್ಟಿನಲ್ಲಿ ಕುಸ್ತೋ ಮತ್ತು ಡ್ಯೂಮಾ ವೊಕ್ಲೂಸ್ ಎಂಬಲ್ಲಿಯ ಪ್ರಸಿದ್ಧ ಬುಗ್ಗೆಗೆ ಇಳಿದರು. ಬೆಟ್ಟದ ಬುಡದ ಕಗ್ಗತ್ತಲ ನೀರಗವಿ ಅದು. ಮೇಲೆ ಹಗ್ಗ ಹಿಡಿದವನು ಮೊರಿಸ್ ಫಾರ್ಗ್. ಮೂರು ಸಲ ಜಗ್ಗಿದರೆ ಹಗ್ಗ ಸಡಿಲ ಬಿಡು, ಆರು ಸಲ ಜಗ್ಗಿದರೆ ಮೇಲಕ್ಕೆಳೆ, ಇದು ಒಪ್ಪಂದ. ಆಳಕ್ಕೆ ಹೋದಂತೆ ಇಬ್ಬರ ತಲೆಯೂ ಕೆಟ್ಟಿತು. ತಾನು ಬಂದದ್ದೇಕೆ ಎಂಬುದೇ ಕುಸ್ತೋಗೆ ಮರೆತುಹೋಯಿತು. ಡ್ಯೂಮಾ ಅರೆಪ್ರಜ್ಞೆಯಲ್ಲಿ ಜೋತುಬಿದ್ದ. ಕುಸ್ತೋ ಆರು ಸಲ ಜಗ್ಗಿದ. ಬಂಡೆಗೆ ಸಿಕ್ಕಿ ಸಂಕೇತ ಪೂರ್ತಿ ಮೇಲೆ ಮುಟ್ಟಲಿಲ್ಲ, ಫಾರ್ಗ್ ಇನ್ನಷ್ಟು ಹಗ್ಗ ಬಿಟ್ಟ. ಜಗ್ಗಿದಷ್ಟೂ ಹಗ್ಗ ಕೆಳಗೇ ಬರುತ್ತಿದೆ! ಕೊನೆಗೆ ಕುಸ್ತೋ ಹಗ್ಗವನ್ನೇ ಹಿಡಿದು ಹತ್ತತೊಡಗಿದ. ಆಗ ಫಾರ್ಗ್‌ಗೆ ಏನೋ ಎಡವಟ್ಟಾಗಿದೆ ಅನ್ನಿಸಿ ಒಪ್ಪಂದ ಪಕ್ಕಕ್ಕಿಟ್ಟು ಎಳೆದುಬಿಟ್ಟ. ಇಬ್ಬರೂ ಉಳಿದರು. ಮಿಕ್ಕ ಗಾಳಿಯನ್ನು ಪರೀಕ್ಷಿಸಿದಾಗ ಕಾರ್ಬನ್ ಮೊನಾಕ್ಸೈಡ್ ಸಿಕ್ಕಿತು. ಸಿಲಿಂಡರ್ ತುಂಬುವ ಯಂತ್ರ ತನ್ನದೇ ಹೊಗೆಯನ್ನು ಒಳಗೆಳೆದು ತುಂಬಿತ್ತು. ಇವತ್ತಿಗೂ ಗಾಳಿ ತುಂಬುವ ಕಡೆ ಎಂಜಿನಿನ ಹೊಗೆ ಎತ್ತ ಹೋಗುತ್ತಿದೆ ಎಂದು ಮೊದಲು ನೋಡಬೇಕು.

ಇಬ್ಬರನ್ನು ಎಳೆದು ಉಳಿಸಿದ ಫಾರ್ಗ್ ಮರುವರ್ಷವೇ ಸತ್ತ. ಗಾಳಿಯ ಸಿಲಿಂಡರಿನಲ್ಲಿ ಎಷ್ಟು ಆಳ ಹೋಗಬಹುದೆಂಬ ಪರೀಕ್ಷೆ. ಇಳಿಬಿಟ್ಟ ಹಗ್ಗದುದ್ದಕ್ಕೂ ಹಲಗೆ ಕಟ್ಟಿದ್ದರು, ಮುಟ್ಟಿದವನು ಸಹಿ ಹಾಕಬೇಕು. ಫಾರ್ಗ್‌ನ ಸಂಕೇತ ನಿಂತಿತು. ಎಳೆದು ತಂದಾಗ ಉಸಿರಿನ ತುಂಡು ಬಾಯಿಂದ ಕಳಚಿ ಎದೆಮೇಲೆ ಜೋತಾಡುತ್ತಿತ್ತು. ಗಂಟೆಗಟ್ಟಲೆ ಪ್ರಯತ್ನಿಸಿದರೂ ಬದುಕಲಿಲ್ಲ. 120 ಮೀಟರಿನ ಹಲಗೆಯ ಮೇಲೆ ಅವನ ಸಹಿ ಇತ್ತು. ಆಮೇಲೆ 90 ಮೀಟರಿನ ಕೆಳಗೆ ಗಾಳಿಯಲ್ಲಿ ಇಳಿಯಬಾರದೆಂದು ತೀರ್ಮಾನವಾಯಿತು. ಪುಸ್ತಕಗಳಲ್ಲಿ ಅಂಕಿಯಾಗಿ ಕಾಣುವ ಇಂಥ ನಿಯಮಗಳ ಹಿಂದೆ ಯಾವನೋ ಒಬ್ಬ ಫಾರ್ಗ್ ಇರುತ್ತಾನೆ.

1950ರಲ್ಲಿ ಕಲಿಪ್ಸೋ ಸಿಕ್ಕಿತು. ಯುದ್ಧಕಾಲದಲ್ಲಿ ಸಮುದ್ರದ ಮೈನುಗಳನ್ನು ತೆಗೆಯುತ್ತಿದ್ದ ಮರದ ಹಡಗು. ಗಿನ್ನೆಸ್ ಮನೆತನದ ಶ್ರೀಮಂತನೊಬ್ಬ ಕೊಂಡು ಕುಸ್ತೋಗೆ ಕೊಟ್ಟ. ಬಾಡಿಗೆ ವರ್ಷಕ್ಕೆ ಒಂದು ಫ್ರಾಂಕ್. ಕನ್ಸಿಡರೇಶನ್ ಇರಬೇಕು, ಸಾಕಷ್ಟು ಇರಲೇಬೇಕೆಂದಿಲ್ಲ ಎಂದು ಕಾಂಟ್ರಾಕ್ಟ್ ಆಕ್ಟಿನ ಪಾಠದಲ್ಲಿ ಓದಿದವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗದು. ಮೊದಲ ಪ್ರವಾಸಗಳಿಗಾಗಿ ಸಿಮೋನ್ ತನ್ನ ಒಡವೆ ಮಾರಿದಳೆನ್ನುತ್ತಾರೆ. ಗಂಡನಿಗಿಂತ ಹೆಚ್ಚು ದಿನ ಹಡಗಿನಲ್ಲಿದ್ದವಳು ಅವಳೇ, ಸಿನಿಮಾದಲ್ಲಿ ಮಾತ್ರ ಹೆಚ್ಚು ಕಾಣುವುದಿಲ್ಲ. 1952ರಿಂದ ಮಾರ್ಸೇಲ್ ಹತ್ತಿರದ ಗ್ರಾಂ ಕೊಂಗ್ಲುಎ ಬಂಡೆಯ ಬಳಿ ಪ್ರಾಚೀನ ಹಡಗಿನ ದ್ರಾಕ್ಷಾರಸದ ಹೂಜಿಗಳನ್ನು ಸಾವಿರಗಟ್ಟಲೆ ಎತ್ತಿದರು. ಅಲ್ಲೂ ಒಬ್ಬ ಮುಳುಗುಗಾರ ಸತ್ತ. ಮೇಲ್ವಿಚಾರಕನಾದ ಪ್ರಾಚ್ಯಶಾಸ್ತ್ರಜ್ಞ ನೀರಿಗಿಳಿಯುವವನಲ್ಲ, ಬಂದದ್ದನ್ನು ಹಡಗಿನಲ್ಲಿ ಕೂತು ನೋಡುತ್ತಿದ್ದ. ಬಹಳ ಕಾಲದ ಮೇಲೆ ತಿಳಿಯಿತು, ಅಲ್ಲಿದ್ದದ್ದು ಒಂದು ಹಡಗಲ್ಲ, ಬೇರೆ ಬೇರೆ ಕಾಲದ ಎರಡು, ಒಂದರ ಮೇಲೊಂದು. ಹಣಕ್ಕಾಗಿ 1954ರಲ್ಲಿ ಬ್ರಿಟಿಷ್ ತೈಲ ಕಂಪನಿಯೊಂದಕ್ಕೆ ಅಬುಧಾಬಿ ಕಡಲತಳದ ಕಲ್ಲುಗಳನ್ನೂ ತಂದುಕೊಟ್ಟ.

1956ರ ಅವನ ಚಿತ್ರ ಮೌನ ಜಗತ್ತು ಕಾನ್ ಉತ್ಸವದ ಅತ್ಯುನ್ನತ ಬಹುಮಾನವನ್ನೂ ಮರುವರ್ಷ ಆಸ್ಕರನ್ನೂ ಗೆದ್ದಿತು. ಈಗ ಆ ಚಿತ್ರ ನೋಡಿದರೆ ಹೊಟ್ಟೆ ತೊಳಸುತ್ತದೆ. ಮೀನು ಎಣಿಸಲು ಹವಳದ ದಂಡೆಗೆ ಡೈನಮೈಟ್ ಇಡುತ್ತಾರೆ. ಕಲಿಪ್ಸೋವಿನ ಚಕ್ರಕ್ಕೇ ಸಿಕ್ಕಿ ಗಾಯಗೊಂಡ ತಿಮಿಂಗಿಲ ಮರಿಯನ್ನು ತಿನ್ನಲು ಶಾರ್ಕುಗಳು ಬಂದರೆ, ಅವನ್ನು ಡೆಕ್ಕಿಗೆಳೆದು ಹೊಡೆದು ಕೊಲ್ಲುತ್ತಾರೆ. ಕಾಲ ಹಾಗಿತ್ತು ಅನ್ನುವವರಿದ್ದಾರೆ. ಇರಬಹುದು, ಆದರೆ ಬೇರೆ ಯಾರ ಕಣ್ಣಿಗೂ ಬೀಳದ ಆ ಹವಳ ದಿನಾ ಅವನ ಕಣ್ಣಿಗೆ ಬೀಳುತ್ತಿತ್ತಲ್ಲ? ಅವನ ಪರ ಒಂದು ಮಾತು ಹೇಳಬಹುದು. ಆ ದೃಶ್ಯಗಳನ್ನು ಅವನು ಕತ್ತರಿಸಿ ಎಸೆದಿರಲಿಲ್ಲ, ಇವತ್ತು ನಾವು ಬೈಯುವುದು ಅವನೇ ತೋರಿಸಿದ್ದನ್ನು ನೋಡಿ. 1960ರಲ್ಲಿ ಪರಮಾಣು ತ್ಯಾಜ್ಯವನ್ನು ಮೆಡಿಟರೇನಿಯನ್ನಿಗೆ ಸುರಿಯುವ ಯೋಜನೆಯ ವಿರುದ್ಧ ಎದ್ದು ನಿಂತವರಲ್ಲಿ ಕುಸ್ತೋ ಮುಂದಿದ್ದ, ಆ ಯೋಜನೆ ಬಿದ್ದುಹೋಯಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕುಸ್ತೋ, ಕೆಂಪು ಉಣ್ಣೆ ಟೋಪಿ, ಟೆಲಿವಿಷನ್. 1963ರಲ್ಲಿ ಸೂಡಾನಿನ ಕೆಂಪು ಸಮುದ್ರದ ಶಾಬ್ ರೂಮಿ ದಿಬ್ಬದಲ್ಲಿ ಹತ್ತು ಮೀಟರ್ ಕೆಳಗೆ ಮನೆ ಕಟ್ಟಿ ತನ್ನ ಜನರನ್ನು ತಿಂಗಳು ಇರಿಸಿದ. ಅದರ ಉಳಿಕೆಗಳನ್ನು ನೋಡಲು ಮುಳುಗುಗಾರರು ಆಮೇಲೂ ಹೋಗುತ್ತಿದ್ದರು. ಕಡಲತಳದಲ್ಲಿ ಊರು ಕಟ್ಟುವ ಕನಸು ಮಾತ್ರ ಅಷ್ಟಕ್ಕೇ ನಿಂತಿತು. 1973ರಲ್ಲಿ ಕಡಲ ರಕ್ಷಣೆಗೆ ಕುಸ್ತೋ ಸೊಸೈಟಿ ಹುಟ್ಟಿತು. 1979ರಲ್ಲಿ ಜೊತೆಯಲ್ಲೇ ಚಿತ್ರ ತೆಗೆಯುತ್ತಿದ್ದ ಕಿರಿಮಗ ಫಿಲಿಪ್ ಲಿಸ್ಬನ್ ಹತ್ತಿರ ಸೀಪ್ಲೇನ್ ಅಪಘಾತದಲ್ಲಿ ಹೋದ. 1990ರಲ್ಲಿ ಸಿಮೋನ್ ಹೋದಳು. ಅವಳು ಬದುಕಿದ್ದಾಗಲೇ ಅವನಿಗೆ ಇನ್ನೊಂದು ಸಂಸಾರ, ಇಬ್ಬರು ಮಕ್ಕಳು ಇದ್ದದ್ದು ಆಮೇಲೆ ಲೋಕಕ್ಕೆ ತಿಳಿಯಿತು.

1996ರ ಜನವರಿಯಲ್ಲಿ ಸಿಂಗಾಪುರದ ಬಂದರಿನಲ್ಲಿ ಸರಕಿನ ದೋಣಿಯೊಂದು ಗುದ್ದಿ ಕಲಿಪ್ಸೋ ಮುಳುಗಿತು. ಮರುವರ್ಷ ಜೂನ್ 25ರಂದು 87ನೆಯ ವಯಸ್ಸಿನಲ್ಲಿ ಕುಸ್ತೋ ಪ್ಯಾರಿಸಿನಲ್ಲಿ ಸತ್ತ. ಕಡಲಿಗೆ ಅರ್ಪಿಸಿದ್ದು ಸಿಮೋನಳ ಬೂದಿಯನ್ನು. ಅವನನ್ನು ಹುಟ್ಟಿದೂರಿನ ಮಣ್ಣಲ್ಲೇ ಹೂತರು. ಹಡಗನ್ನು ಎತ್ತಿ ಫ್ರಾನ್ಸಿಗೆ ತಂದು, 2007ರಲ್ಲಿ ಕೊಂಕಾರ್ನೋ ಊರಿನ ಹಡಗುಕಟ್ಟೆಗೆ ರಿಪೇರಿಗೆ ಒಯ್ದರು. ಬಿಲ್ಲಿನ ವಿಷಯದಲ್ಲಿ ಸೊಸೈಟಿಗೂ ಕಟ್ಟೆಯವರಿಗೂ ಜಗಳವಾಗಿ ಕೋರ್ಟು ಹತ್ತಿತು, ಹಡಗು ವರ್ಷಗಟ್ಟಲೆ ಶೆಡ್ಡಿನಲ್ಲಿ ಹಲಗೆ ಕಿತ್ತುಕೊಂಡು ಕೂತಿತು. 2016ರಲ್ಲಿ ಅದನ್ನು ತುರ್ಕಿಗೆ ಸಾಗಿಸಿದರು. ಮರುವರ್ಷ ಅಲ್ಲಿ ಬೆಂಕಿ ಬಿದ್ದು ಹಡಗಿನ ಒಂದಷ್ಟು ಭಾಗ ಸುಟ್ಟಿತು.