ಶಾಸನಸಭೆಯಲ್ಲಿ ಅಬ್ರಹಾಂ ಲಿಂಕನ್

ಅಬ್ರಹಾಂ ಲಿಂಕನ್ ಎಂದೊಡನೆ ವಾಚಕರ ಮನಸ್ಸಿಗೆ ಬರುವುದು ಗುಲಾಮರ ಬಂಧವಿಮೋಚನೆ, ಅಂತರ್ಯುದ್ಧ, ಕೊಲೆಗಾರನ ಗುಂಡು ಇವೇ. ಈ ಮಹಾಪುರುಷನು ರಾಷ್ಟ್ರಾಧ್ಯಕ್ಷನಾಗುವುದಕ್ಕೆ ಬಹು ಪೂರ್ವದಲ್ಲಿ, ಎಂಟು ವರ್ಷಕಾಲ ಅಮೆರಿಕದ ಇಲಿನಾಯ್ ಸಂಸ್ಥಾನದ ಶಾಸನಸಭೆಯಲ್ಲಿ ಸದಸ್ಯನಾಗಿದ್ದನು. ಆ ಎಂಟು ವರ್ಷಗಳ ಚರಿತ್ರೆಯನ್ನೇ ನಾವು ಇಲ್ಲಿ ಹೇಳಲು ಹೊರಟಿರುವೆವು. ಅದರಲ್ಲಿ ಹೊಗಳತಕ್ಕದ್ದೂ ಉಂಟು, ಮುಚ್ಚಿಡಬಾರದುದೂ ಉಂಟು.

೧೮೦೯ನೆಯ ಇಸವಿ ಫೆಬ್ರವರಿ ೧೨ರಂದು ಕೆಂಟಕಿಯಲ್ಲಿ ಮರದ ದಿಮ್ಮಿಗಳ ಗುಡಿಸಲೊಂದರಲ್ಲಿ ಹುಟ್ಟಿದ ಈತನು ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ೧೮೩೧ರಲ್ಲಿ ಇಲಿನಾಯಿನ ನ್ಯೂ ಸೇಲಂ ಎಂಬ ಹಳ್ಳಿಗೆ ಬಂದು ಅಂಗಡಿಯ ಗುಮಾಸ್ತನಾದನು. ಮರುವರ್ಷವೇ ಶಾಸನಸಭೆಗೆ ಉಮೇದುವಾರನಾಗಿ ನಿಂತು ಸೋತನು. ಆದರೆ ಅವನನ್ನು ಕಣ್ಣಾರೆ ಕಂಡಿದ್ದ ಆ ಹಳ್ಳಿಯ ಭಾಗದಲ್ಲಿ ಸುಮಾರು ೩೦೦ ಮತಗಳಲ್ಲಿ ೨೭೭ ಅವನವಾಗಿದ್ದವು. ಬಳಿಕ ಪಾಲುಗಾರಿಕೆಯ ಅಂಗಡಿಯೊಂದು ಮುಳುಗಿ ಸಾಲವು ತಲೆಗೆ ಬಂದಿತು. ಅಂಚೆಯ ಕೆಲಸ, ಭೂಮಾಪನದ ಕೆಲಸಗಳಿಂದ ಹೊಟ್ಟೆ ಹೊರೆಯುತ್ತಿದ್ದು, ೧೮೩೪ರಲ್ಲಿ ಪುನಃ ನಿಂತು ಗೆದ್ದಾಗ, ಅಂದಿನ ರಾಜಧಾನಿಯಾದ ವ್ಯಾಂಡೇಲಿಯಾಕ್ಕೆ ಹೋಗಲು ಮರ್ಯಾದೆಯ ಉಡುಪನ್ನು ಸಹ ಸಾಲದ ಹಣದಿಂದಲೇ ಹೊಲಿಸಬೇಕಾಯಿತು. ೧೮೩೬, ೧೮೩೮, ೧೮೪೦ರ ಚುನಾವಣೆಗಳಲ್ಲಿಯೂ ಜನರು ಅವನನ್ನೇ ಕಳುಹಿಸಿದರು.

೧೮೩೬ರಲ್ಲಿ ಸಾಂಗಮನ್ ಜಿಲ್ಲೆಯಿಂದ ಎರಡು ಸಭೆಗಳಿಗೂ ಸೇರಿ ಆಯ್ಕೆಯಾದ ಒಂಬತ್ತು ಮಂದಿಯೂ ಎತ್ತರದ ಆಳುಗಳು. ನೀಳಕಾಯದ ನವಕವೆಂದೇ ಅವರಿಗೆ ಹೆಸರಾಯಿತು. ರಾಜಧಾನಿಯನ್ನು ತಮ್ಮ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ತರಬೇಕೆಂಬುದೊಂದೇ ಅವರ ಹಟ. ಅದೇ ಅಧಿವೇಶನದಲ್ಲಿ ಸಭೆಗೆ ರೈಲುದಾರಿ, ಕಾಲುವೆಗಳ ಹುಚ್ಚು ಹಿಡಿದು ಒಂದು ಕೋಟಿ ಡಾಲರಿನ ಯೋಜನೆ ಮಂಜೂರಾಯಿತು. ಲಿಂಕನ್ನನು ಅದರ ಕಟ್ಟಾ ಬೆಂಬಲಿಗ. ೧೮೩೭ರಲ್ಲಿಯೇ ದೇಶಕ್ಕೆಲ್ಲ ಹಣದ ಮುಗ್ಗಟ್ಟು ತಲೆದೋರಿ, ಕೆಲಸಗಳು ಅರ್ಧಕ್ಕೆ ನಿಂತು, ಸಂಸ್ಥಾನವು ದಶಕಗಳ ಕಾಲ ಸಾಲ ಹೊತ್ತಿತು. ತನ್ನ ಅಂಗಡಿಯ ಸಾಲವನ್ನು ವರ್ಷಗಟ್ಟಲೆ ದುಡಿದು ತೀರಿಸಿದ ಪ್ರಾಮಾಣಿಕನು ಸಾರ್ವಜನಿಕರ ತಲೆಗೆ ಕಟ್ಟಿದ ಸಾಲದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲವೆಂದು ನಾವು ಹೇಳಲೇಬೇಕಾಗಿದೆ.

ಇನ್ನು ಮುಖ್ಯ ಸಂಗತಿ. ಇಲಿನಾಯ್ ಗುಲಾಮಗಿರಿಯಿಲ್ಲದ ಸಂಸ್ಥಾನವೆನಿಸಿದ್ದರೂ ದಕ್ಷಿಣದವರ ದಾಕ್ಷಿಣ್ಯಕ್ಕೆ ಸಿಕ್ಕಿ, ಗುಲಾಮಗಿರಿಯನ್ನು ತೊಡೆಯಬೇಕೆನ್ನುವ ಸಂಘಗಳನ್ನು ಖಂಡಿಸುವ ನಿರ್ಣಯವನ್ನು ೧೮೩೭ರ ಜನವರಿಯಲ್ಲಿ ೭೭ ಮತಗಳಿಂದ ಅಂಗೀಕರಿಸಿತು. ವಿರುದ್ಧವಾಗಿ ಬಂದವು ಆರೇ ಮತಗಳು, ಅವುಗಳಲ್ಲೊಂದು ಲಿಂಕನ್ನನದು. ಮಾರ್ಚಿ ೩ರಂದು ಆತನೂ ಡ್ಯಾನ್ ಸ್ಟೋನ್ ಎಂಬ ಮತ್ತೊಬ್ಬ ಸದಸ್ಯನೂ, ಗುಲಾಮಗಿರಿಯು ಅನ್ಯಾಯದ ಮೇಲೂ ಕೆಟ್ಟ ರಾಜನೀತಿಯ ಮೇಲೂ ನಿಂತದ್ದೆಂದು ಲಿಖಿತ ಪ್ರತಿಭಟನೆಯನ್ನು ಸಭೆಯ ನಡವಳಿಯಲ್ಲಿ ದಾಖಲು ಮಾಡಿಸಿದರು. ವಿಮೋಚನಾವಾದಿಗಳ ಪ್ರಚಾರದಿಂದ ಕೇಡು ಹೆಚ್ಚುವುದೇ ಹೊರತು ತಗ್ಗದೆಂಬ ಮಾತನ್ನೂ ಅದರಲ್ಲಿ ಸೇರಿಸಿದ್ದರು. ರಾಜಧಾನಿಯ ಪ್ರಶ್ನೆಯು ಸ್ಪ್ರಿಂಗ್‌ಫೀಲ್ಡಿನ ಪರವಾಗಿ ತೀರ್ಮಾನವಾದದ್ದು ಫೆಬ್ರವರಿ ೨೮ರಂದು. ಅಲ್ಲಿಯವರೆಗೆ ಲೇಖನಿ ಒಣಗಿಯೇ ಇದ್ದಿತೆಂಬುದನ್ನು ನಾವು ಮರೆಮಾಚಲಾರೆವು. ಆದರೆ ಸ್ಟೋನನು ನ್ಯಾಯಾಧೀಶನ ಪೀಠಕ್ಕೆ ಹೋಗಲಿದ್ದವನು, ಮತ್ತೆ ಮತ ಬೇಡಬೇಕಾಗಿರಲಿಲ್ಲ. ಇಪ್ಪತ್ತೆಂಟು ವಯಸ್ಸಿನ ಲಿಂಕನ್ನನಾದರೋ ಬೇಡಬೇಕಾಗಿದ್ದಿತು. ಉಳಿದ ನಾಲ್ವರು ಸಹಿ ಹಾಕಲಿಲ್ಲ.

ಆ ಸಹಿಯ ಬೆಲೆ ಏನೆಂಬುದು ಎಂಟು ತಿಂಗಳಲ್ಲಿ ತಿಳಿಯಿತು. ಅದೇ ಸಂಸ್ಥಾನದ ಆಲ್ಟನ್ ಪಟ್ಟಣದಲ್ಲಿ ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದ ಪತ್ರಿಕಾಸಂಪಾದಕ ಎಲೈಜಾ ಲವ್‌ಜಾಯ್ ಎಂಬ ನಮ್ಮ ವೃತ್ತಿಬಂಧುವಿನ ಅಚ್ಚಿನ ಯಂತ್ರಗಳನ್ನು ದೊಂಬಿಯವರು ಮತ್ತೆ ಮತ್ತೆ ನಾಶಮಾಡಿ, ನವಂಬರ್ ೭ರಂದು, ಹೊಸ ಯಂತ್ರವನ್ನು ಕಾಯುತ್ತಿದ್ದ ಆತನನ್ನೇ ಗುಂಡಿಕ್ಕಿ ಕೊಂದರು. ಮುಂದಿನ ಜನವರಿಯಲ್ಲಿ ಲಿಂಕನ್ನನು ಸ್ಪ್ರಿಂಗ್‌ಫೀಲ್ಡಿನ ತರುಣರ ಮುಂದೆ ದೊಂಬಿಯ ಆಳ್ವಿಕೆಯನ್ನು ಖಂಡಿಸಿ ಉಪನ್ಯಾಸ ಮಾಡಿದನು.

೧೮೪೦ರ ಡಿಸೆಂಬರಿನಲ್ಲಿ ಕೋರಂ ಮುರಿಯಲೆಂದು ಕಿಟಕಿಯಿಂದ ಹಾರಿದ್ದೂ ಈತನೇ. ಅಷ್ಟರಲ್ಲಿ ಎಣಿಕೆ ಮುಗಿದಿದ್ದಿತು! ೧೮೪೨ರಲ್ಲಿ ಆತನು ಮತ್ತೆ ನಿಲ್ಲಲಿಲ್ಲ. ಆ ಕಾಲದಲ್ಲಿ ಸೆನೆಟಿನ ಸದಸ್ಯರನ್ನು ಆರಿಸುತ್ತಿದ್ದುದು ಸಂಸ್ಥಾನದ ಶಾಸನಸಭೆಯೇ. ೧೮೫೪ರಲ್ಲಿ ಗೆದ್ದ ಸ್ಥಾನವನ್ನು ಸೆನೆಟಿನ ಆಸೆಯಿಂದ ಬಿಟ್ಟುಕೊಟ್ಟನು, ಸೆನೆಟೂ ದೊರೆಯಲಿಲ್ಲ. ಮುಂದೆ ೧೮೫೮ರ ಹೋರಾಟದಲ್ಲಿ ಆ ಸಭೆಯು ೫೪ಕ್ಕೆ ೪೬ ಮತಗಳಿಂದ ಡಗ್ಲಾಸನನ್ನು ಆರಿಸಿತು. ಎರಡು ವರ್ಷಗಳಲ್ಲಿ ಲಿಂಕನ್ನನು ರಾಷ್ಟ್ರಾಧ್ಯಕ್ಷನಾದನು.

೧೮೬೫ರ ಏಪ್ರಿಲ್ ೧೪ರ ರಾತ್ರಿ ಗುಂಡು ತಗಲಿ ಮರುದಿನ ಬೆಳಿಗ್ಗೆ ತೀರಿಕೊಂಡ ಆತನ ಕಳೇಬರವನ್ನು ರೈಲಿನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ತಂದರು. ಮೇ ೩ರಂದು ಅದನ್ನು ಅಲ್ಲಿಯ ಶಾಸನಭವನದಲ್ಲಿ ಪ್ರತಿನಿಧಿಸಭೆಯ ಹಜಾರದಲ್ಲಿ ಇರಿಸಿದರು. ಜನರು ರಾತ್ರಿಯೆಲ್ಲ ಸಾಲುಗಟ್ಟಿ ಬಂದು ನೋಡಿಕೊಂಡು ಹೋದರು.