ಪ್ಲೆಬ್ಸ್ಟ್ ಅಯ್ಯನವರೂ ಮಂಗಳೂರಿನ ಹಂಚೂ

ಅನೇಕ ಮನೆಗಳನ್ನೂ ದೇವಾಲಯಗಳನ್ನೂ ಹೊದಿಸಿರುವ ಮಂಗಳೂರು ಹಂಚು ಒಬ್ಬ ಮಿಶನೆರಿಯ ಪ್ರಯಾಸದ ಫಲವೆಂಬದನ್ನು ಎಷ್ಟು ಮಂದಿ ಬಲ್ಲರು?

ಜರ್ಮನಿಯವರಾದ ಜಾರ್ಜ್ ಪ್ಲೆಬ್ಸ್ಟ್ ಅಯ್ಯನವರು 1851ರಲ್ಲಿ ಬಾಸೆಲ್ ಮಿಶನಿನಿಂದ ಮಂಗಳೂರಿಗೆ ಬಂದು ಛಾಪಖಾನೆಯ ಕೆಲಸವನ್ನು ವಹಿಸಿಕೊಂಡರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವರನ್ನು ಮನೆಯವರೂ ಜಾತಿಯವರೂ ಹೊರಗೆ ಹಾಕುತ್ತಿದ್ದರು. ಒಕ್ಕಲುಭೂಮಿ ಕೈತಪ್ಪುತ್ತಿತ್ತು, ಕಳ್ಳು ಇಳಿಸುತ್ತಿದ್ದ ಬಿಲ್ಲವರು ಸಭೆಗೆ ಸೇರಿದ ಮೇಲೆ ಆ ಕಸುಬನ್ನು ಬಿಡಬೇಕಾಗಿತ್ತು. ಇಂಥವರಿಗೆ ಧರ್ಮದ ಅನ್ನವನ್ನು ಎಷ್ಟು ದಿನ ಕೊಡಬಹುದು? ಮಿಶನಿನ ನೇಯಿಗೆಯ ಕೆಲಸವು ಎಲ್ಲರಿಗೂ ಸಾಲದು.

ನೇತ್ರಾವತಿಯ ತೀರದ ಜೇಡಿಮಣ್ಣು ಹಂಚಿಗೆ ತಕ್ಕದ್ದೆಂದು ಕಂಡು, ಅಯ್ಯನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದರು. ಮೊದಲು ಅಲ್ಲಿದ್ದದ್ದು ಇಬ್ಬರು ಆಳುಗಳೂ ಮಣ್ಣು ಅರೆಯುವ ಒಂದು ಜೋಡಿ ಎತ್ತುಗಳೂ ಮಾತ್ರ. ದಿನಕ್ಕೆ 560 ಹಂಚುಗಳಾಗುತ್ತಿದ್ದವು. ಮಣ್ಣನ್ನು ಹದವಾಗಿ ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುವರು. ಅವಸರದಿಂದ ಒಣಗಿಸಿದರೆ ಹಂಚು ಸೊಟ್ಟಾಗುವದು, ಬೆಂಕಿ ಕಡಿಮೆಯಾದರೆ ನೀರು ಹೀರುವದು. ಅಂಗೈಯಂತೆ ಬಾಗಿದ ನಾಡಹಂಚನ್ನು ಗಾಳಿಯೂ ಮಂಗಗಳೂ ಸರಿಸುವದರಿಂದ ವರುಷವರುಷವೂ ಕೈಯಾಡಿಸಬೇಕು. ಹುಲ್ಲುಮಾಡಿಗಾದರೋ ಬೆಂಕಿಯ ಭಯ. ಈ ಚಪ್ಪಟೆ ಹಂಚಿನ ಅಂಚುಗಳು ಒಂದರೊಳಗೊಂದು ಕೂಡಿಕೊಳ್ಳುವದರಿಂದ ಕರಾವಳಿಯ ಮಳೆಯೂ ಒಳಗೆ ಇಳಿಯದು. ಈ ಬಗೆಯನ್ನು 1841ರಲ್ಲಿ ಫ್ರಾನ್ಸಿನ ಜಿಲಾರ್ಡೋನಿ ಸಹೋದರರು ಕಂಡುಹಿಡಿದಿದ್ದರು.

ವ್ಯಾಪಾರವು ಮಿಶನಿಗೆ ಯೋಗ್ಯವೋ ಎಂದು ಶಂಕಿಸಿದವರೂ ಇದ್ದರು. ಆ ಶಂಕೆ ಹುರುಳಿಲ್ಲದ್ದಲ್ಲ. ಆದರೆ ಹಸಿದ ಕುಟುಂಬಗಳಿಗೆ ಕೂಲಿ ದೊರೆಯಿತು. 1873ರಲ್ಲಿ ಕಲ್ಲಿಕೋಟೆಯಲ್ಲಿಯೂ 1882ರಲ್ಲಿ ಕುದ್ರೋಳಿಯಲ್ಲಿಯೂ 1886ರಲ್ಲಿ ಮಲ್ಪೆಯಲ್ಲಿಯೂ ಕಾರ್ಖಾನೆಗಳು ಎದ್ದವು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ಇವನ್ನು ವಶಪಡಿಸಿಕೊಳ್ಳುವಷ್ಟರಲ್ಲಿ, ಊರಿನ ಇತರರೂ ಆ ಕಸುಬನ್ನು ಕಲಿತು ತಮ್ಮ ಭಟ್ಟಿಗಳನ್ನು ಕಟ್ಟಿಕೊಂಡಿದ್ದರು.